ಮೂರನೇ ಸಾಲಿನ ಖಾಲಿ ಮೊಳೆ

ಬೀಗದಕ್ಕನ ಅಂಗಡಿಯಲ್ಲಿ ನಿಂತು ಎರಡೂ ಕೈ ಚಾಚಿದರೆ ಎರಡು ಗೋಡೆಯೂ ಸಿಗುತ್ತಿದ್ದವು. ಮುಂದೆ ಒಂದು ಮೇಜು, ಮೇಜಿಗೆ ಬಿಗಿದ ಇಕ್ಕಳ. ಇಕ್ಕಳದ ಕೆಳಗೆ ಹಿತ್ತಾಳೆ ಪುಡಿ ಬಿದ್ದು ಬಿದ್ದು ನೆಲವೇ ಹಳದಿಯಾಗಿತ್ತು. ಹಿಂದೆ ಒಂದು ದಪ್ಪ ಬಟ್ಟೆಯ ಪರದೆ. ಅದರ ಹಿಂದೆ ಏನಿದೆ ಎಂದು ಯಾವ ಗಿರಾಕಿಯೂ ಕೇಳಿದ್ದಿಲ್ಲ. ಹೆಂಗಸು ಕೂತು ಕೆಲಸ ಮಾಡುವ ಜಾಗ, ಊಟದ ಡಬ್ಬಿಯೋ ಬದಲಿ ಬಟ್ಟೆಯೋ ಇರಬೇಕು ಎಂದುಕೊಂಡಿದ್ದರು. ಅಲ್ಲಿದ್ದದ್ದು ಅವರದೇ ಮನೆಗಳ ಕೀಲಿಕೈಗಳು.

ಇಷ್ಟು ಕೇಳಿ ನೀವು ಹುಬ್ಬೇರಿಸುತ್ತೀರಿ. ಏರಿಸಿ, ಬೇಡ ಎನ್ನುವುದಿಲ್ಲ. ಆದರೆ ಪೂರ್ತಿ ಕೇಳಿದ ಮೇಲೆ ಅದನ್ನು ಇಳಿಸುವುದೋ ಹಾಗೇ ಬಿಡುವುದೋ ತೀರ್ಮಾನಿಸಿ.

ಈ ಪದ್ಧತಿ ಹಾಕಿದವನು ಅವಳ ಮಾವ. ಓದುಬರಹ ಬಾರದ ಮನುಷ್ಯ. ಯಾರ ಮನೆಗೆ ಕೀಲಿಕೈ ಮಾಡಿದರೂ ಒಂದನ್ನು ಗಿರಾಕಿಗೆ ಕೊಟ್ಟು, ಅದರ ಜೋಡಿಯನ್ನು ಅಂಗಡಿಯ ಹಲಗೆಯ ಮೊಳೆಗೆ ನೇತುಹಾಕುತ್ತಿದ್ದ. ಅದಕ್ಕೆ ‘ಅಂಗಡಿ ಕೀ’ ಎಂದೇ ಹೆಸರು. ಆಗ ಇದು ಬೀದಿಗೆಲ್ಲ ಗೊತ್ತಿತ್ತು. ಕೀ ಕಳೆದುಕೊಂಡವರು ಬಂದು ತಲೆ ಕೆರೆದುಕೊಂಡು ನಿಂತರೆ ಮಾವ ಬೈಯುತ್ತ ಮೊಳೆಯಿಂದ ತೆಗೆದು ಕೊಡುತ್ತಿದ್ದ. ಹಲಗೆಯ ಒಂದೊಂದು ಸಾಲು ಒಂದೊಂದು ಬೀದಿ, ಒಂದೊಂದು ಮೊಳೆ ಒಂದೊಂದು ಮನೆ. ಕೀಲಿಕೈ ಮೇಲೆ ಹೆಸರಿಲ್ಲ, ಸಂಖ್ಯೆಯಿಲ್ಲ. ಕಳ್ಳನ ಕೈಗೆ ಸಿಕ್ಕರೂ ಬರೀ ಲೋಹ.

ಆಮೇಲೆ ಗೊತ್ತಿದ್ದವರು ಒಬ್ಬೊಬ್ಬರಾಗಿ ಮನೆ ಮಾರಿದರು, ಸತ್ತರು, ಬೇರೆ ಕಡೆ ಹೋದರು. ಹೊಸಬರು ಬಂದರು. ಹೊಸಬರಿಗೆ ಯಾರೂ ಹೇಳಲಿಲ್ಲ. ಹಲಗೆ ಗೋಡೆಯಿಂದ ಪರದೆಯ ಹಿಂದಕ್ಕೆ ಸರಿಯಿತು. ಮಾವನ ನಂತರ ಗಂಡ, ಗಂಡನ ನಂತರ ಅವನ ಪಕ್ಕದಲ್ಲೇ ಕೂತು ಕೆಲಸ ಮಾಡಿಕೊಂಡಿದ್ದ ಇವಳು, ಕೀ ಮಾಡುವುದೆಂದರೆ ಹೀಗೇ ಎಂದು ನಂಬಿ ಎರಡೆರಡು ಮಾಡುತ್ತಲೇ ಹೋದರು. ಇದರಲ್ಲಿ ಇನ್ನೊಂದು ಗುಟ್ಟೂ ಇತ್ತು. ಯಾರಾದರೂ ಮನೆಯ ಹೊರಗೆ ಸಿಕ್ಕಿಹಾಕಿಕೊಂಡು ಕರೆದರೆ ಬೀಗದಕ್ಕ ತಂತಿ, ಚಿಮುಟ ಹಿಡಿದು ಹೋಗಿ, ನಿಂತವರಿಗೆ ಬೆನ್ನು ಮಾಡಿ ಬೀಗದ ಮುಂದೆ ಕೂತು, ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆದುಬಿಡುತ್ತಿದ್ದಳು. ‘ಅವಳ ಕೈಯಲ್ಲಿ ಏನೋ ಇದೆ’ ಎಂದು ಜನ ಬೆರಗಾಗುತ್ತಿದ್ದರು. ಕೈಯಲ್ಲಿದ್ದದ್ದು ಅಂಗಡಿ ಕೀ. ಇವಳೂ ಹೂಂ ಎನ್ನದೆ ಉಹೂಂ ಎನ್ನದೆ ಆ ಹೊಗಳಿಕೆಯನ್ನು ಜೇಬಿಗಿಳಿಸುತ್ತಿದ್ದಳು. ಗಂಡ ಸತ್ತು ಆರು ವರ್ಷ ಅವಳ ಒಲೆ ಉರಿದದ್ದು ಆ ಹೆಸರಿನಿಂದಲೇ.

ಅಂಥ ಹೊತ್ತಿಗೆ ಹೊಸ ನಿಯಮ ಬಂತು.

ಮನೆಗಳ ಒಳಗೆ ಹೋಗಿ ರಿಪೇರಿ ಮಾಡುವವರು, ಅಂದರೆ ಬೀಗದವರು, ಒಲೆಯವರು, ಫ್ರಿಜ್ಜಿನವರು, ಎಲ್ಲರೂ ತಿಂಗಳ ಕೊನೆಯೊಳಗೆ ಲೈಸೆನ್ಸ್ ಪಡೆಯಬೇಕು. ಬೆರಳಚ್ಚು ಕೊಡಬೇಕು. ಪೊಲೀಸರು ಬಂದು ಹಿನ್ನೆಲೆ ವಿಚಾರಿಸುತ್ತಾರೆ. ಲೈಸೆನ್ಸ್ ಇಲ್ಲದ ಅಂಗಡಿಗೆ ಸೀಲು. ನೋಟೀಸನ್ನು ಓದಿ ಹೇಳಿದವಳು ಅವಳ ನಾದಿನಿ, ಶಾಲೆಯೊಂದರಲ್ಲಿ ಗುಮಾಸ್ತೆ. ಅರ್ಜಿ ತುಂಬುವ ಕೆಲಸವೆಂದರೆ ಅವಳಿಗೆ ಹಬ್ಬ. ಮೇಜಿನ ಮೇಲಿನ ಹಿತ್ತಾಳೆ ಪುಡಿಯನ್ನು ಊದಿ, ಕಾಗದ ಹರಡಿಕೊಂಡು ಕೂತಳು. ಹದಿನಾಲ್ಕನೇ ಕಲಮಿಗೆ ಬಂದಾಗ ಪೆನ್ನು ನಿಂತಿತು.

“ಅತ್ತಿಗೆ, ಇದನ್ನ ಕೇಳಿ. ‘ಯಾವುದೇ ಗಿರಾಕಿಯ ಬೀಗದ ಕೀಲಿಕೈ, ನಕಲು ಅಥವಾ ಅಚ್ಚನ್ನು ನಾನು ಇಟ್ಟುಕೊಂಡಿರುವುದಿಲ್ಲ ಎಂದು ಪ್ರಮಾಣ ಮಾಡುತ್ತೇನೆ.’ ಸುಳ್ಳು ಅಂತ ಕಂಡುಬಂದ್ರೆ ಜೈಲಂತೆ.”

ಬೀಗದಕ್ಕ ಅರವನ್ನು ಕೆಳಗಿಟ್ಟಳು. ಮೂವತ್ತು ವರ್ಷ ಆ ಅರದಲ್ಲೇ ಅವಳು ಕೀಗಳ ಹಲ್ಲು ತಿಕ್ಕಿದ್ದು.

“ನಾನೇನು ಕಳ್ಳಿಯಾ?” ಎಂದಳು.

“ನೀವಲ್ಲ ಅಂತ ನನಗೆ ಗೊತ್ತು. ಆ ಹಲಗೆ ನೋಡಿದವ್ರಿಗೆ ಹೇಗೆ ಗೊತ್ತಾಗ್ಬೇಕು?” ನಾದಿನಿ ಪರದೆಯ ಕಡೆ ನೋಡಿದಳು. ಚಿಕ್ಕಂದಿನಿಂದ ಆ ಹಲಗೆ ನೋಡಿ ಬೆಳೆದವಳು. “ಅಪ್ಪನ ಕಾಲ ಮುಗೀತು ಅತ್ತಿಗೆ. ಎಲ್ಲಾದ್ರ ಹಲ್ಲೂ ಉಜ್ಜಿ ಹಾಕಿಬಿಡಿ. ಆಮೇಲೆ ಸಹಿ ಹಾಕಿ. ಯಾರಿಗೂ ಗೊತ್ತಾಗಲ್ಲ.”

ಮಾತು ಸರಿಯಾಗಿಯೇ ಇತ್ತು. ಆದರೂ ಬೀಗದಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಒಂದು ಮನೆಯ ಹೊಸ್ತಿಲನ್ನೂ ಕರೆಯದೆ ದಾಟಿದವಳಲ್ಲ. ಈಗ ಯಾವುದೋ ಕಚೇರಿಯ ಕಾಗದ ಅವಳ ಮುಖ ನೋಡದೆಯೇ ಅನುಮಾನಪಡುತ್ತಿತ್ತು. ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ ಹೆದರಿಕೆಯಿತ್ತು, ಅದು ಅವಳಿಗೂ ಗೊತ್ತಿತ್ತು.

ಬೆರಳಚ್ಚು ಕೊಡಲು ಲೈಸೆನ್ಸ್ ಕಚೇರಿಗೆ ಹೋದಾಗ ಯಂತ್ರ ಅವಳ ಬೆರಳನ್ನು ಒಪ್ಪಲಿಲ್ಲ. ಗುಮಾಸ್ತ ಅವಳ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದ.

“ಏನಮ್ಮ, ಗೆರೇನೇ ಇಲ್ವಲ್ಲ?”

“ಅರ ತಿಂದುಹಾಕಿದೆ ಸಾರ್.”

ಸಾಲಿನಲ್ಲಿ ಹಿಂದೆ ನಿಂತಿದ್ದ ಒಲೆ ರಿಪೇರಿಯವನು, “ಬೀಗದ ಕೆಲಸದವ್ರಿಗೆ ಗೆರೆ ಇಲ್ದೇ ಇರೋದೇ ಅನುಕೂಲ ಬಿಡಿ” ಎಂದ. ಸಾಲಿಗೆ ಸಾಲೇ ನಕ್ಕಿತು. ಬೀಗದಕ್ಕನೂ ನಗಲು ನೋಡಿದಳು, ತುಟಿ ಅಂಟಿಕೊಂಡಂತಾಗಿ ಬಿಡಲಿಲ್ಲ. ಹತ್ತು ಬೆರಳಲ್ಲಿ ನಾಲ್ಕರ ಅಚ್ಚು ಹೇಗೋ ಬಂತು. ‘ಸಾಕು, ಮಿಕ್ಕಿದ್ದು ಪೊಲೀಸರು ನೋಡ್ಕೋತಾರೆ’ ಎಂದ ಗುಮಾಸ್ತ. ಆ ಮಾತು ಮನೆ ತಲುಪುವವರೆಗೂ ಅವಳ ಕಿವಿಯಲ್ಲಿತ್ತು.

ಮರುದಿನ ಮಧ್ಯಾಹ್ನ ಷಟರನ್ನು ಅರ್ಧ ಇಳಿಸಿ, ಹಲಗೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಳು. ಎಲ್ಲವನ್ನೂ ಉಜ್ಜಿ ಬೋಳು ಮಾಡುವುದೆಂದು ತೀರ್ಮಾನಿಸಿದ್ದಳು. ಕೆಲಸ ಶುರು ಮಾಡುವ ಮೊದಲು ಎಷ್ಟಿವೆ ಎಂದು ಎಣಿಸಿದಳು. ಮೊಳೆ ನೂರ ನಲವತ್ತೆರಡು. ಕೀಲಿಕೈ ನೂರ ನಲವತ್ತೊಂದು.

ಮತ್ತೆ ಎಣಿಸಿದಳು. ಮೂರನೇ ಸಾಲಿನಲ್ಲಿ ನಾಲ್ಕನೆಯ ಮೊಳೆ ಬೋಳಾಗಿತ್ತು. ಪಕ್ಕದ ಎರಡು ಕೀಗಳು ದೊಡ್ಡವು, ಅಡ್ಡಡ್ಡ ನೇತಾಡುತ್ತ ಅದನ್ನು ಮುಚ್ಚಿದ್ದವು. ಎಷ್ಟು ದಿನದಿಂದ ಖಾಲಿಯೋ ದೇವರಿಗೇ ಗೊತ್ತು. ಮೂರನೇ ಸಾಲೆಂದರೆ ನೀರಿನ ಟ್ಯಾಂಕಿನ ಬೀದಿ. ನಾಲ್ಕನೇ ಮೊಳೆಯೆಂದರೆ ಹಸಿರು ಗೇಟಿನ ಮನೆ. ಮಾಲೀಕ ದೂರದಲ್ಲಿರುವವನು, ಮನೆ ಬಾಡಿಗೆಗೆ. ಬೀಗ ಹಾಕಿಕೊಟ್ಟದ್ದು ಅವಳ ಗಂಡ.

ಪಕ್ಕದ ಅಂಗಡಿಯ ಪಂಕ್ಚರ್ ಮಾವನನ್ನು ಹಗುರವಾಗಿ ಕೇಳಿದಳು, “ಮಾವ, ಟ್ಯಾಂಕಿನ ಬೀದೀಲಿ ಹಸಿರು ಗೇಟಿನ ಮನೇಲಿ ಈಗ ಯಾರಿದ್ದಾರೆ?”

ಪಂಕ್ಚರ್ ಮಾವನಿಗೆ ಗೊತ್ತಿಲ್ಲದ ಮನೆಯಿಲ್ಲ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಲೇ ಹೇಳಿದ. “ಸ್ಟೇಷನ್ನಿನ ಪೇದೆ ಅಲ್ವಾ. ಎರಡು ವರ್ಷ ಆಯ್ತು. ಹೆಂಡ್ತಿ, ಒಂದು ಹಸುಗೂಸು. ಈಗ ಲೈಸೆನ್ಸಿಗೆ ಅಂತ ಅಂಗಡಿ ಅಂಗಡಿಗೆ ಬಂದು ವಿಚಾರಿಸ್ತಾನಲ್ಲ, ಅವನೇ. ನಿನ್ನ ಹತ್ರ ಇನ್ನೂ ಬಂದಿಲ್ವಾ?”

“ಇಲ್ಲ” ಎಂದು ಅವಳು ಒಳಗೆ ಹೋಗಿ ಷಟರನ್ನು ಪೂರ್ತಿ ಇಳಿಸಿದಳು.

ಅಂದಿನಿಂದ ಬೀಗದಕ್ಕನ ನೆಮ್ಮದಿ ಹಾರಿಹೋಯಿತು. ಮೇಜಿನ ಅಡಿ, ಡಬ್ಬಿಗಳ ಒಳಗೆ, ಹಿತ್ತಾಳೆ ಪುಡಿಯ ರಾಶಿಯಲ್ಲಿ ಬೆರಳಾಡಿಸಿ ಹುಡುಕಿದಳು. ಗಂಡನ ಹಳೇ ಮೇಲಂಗಿಯ ಜೇಬುಗಳನ್ನು ಒಳಹೊರಗು ಮಾಡಿದಳು. ಇಲ್ಲ. ಹಾಗಾದರೆ ಯಾರೋ ತೆಗೆದಿದ್ದಾರೆ. ಯಾರು? ಒಂದು ದಿನ ನೀರು ಕೇಳಿಕೊಂಡು ಪರದೆಯ ಹತ್ತಿರ ನಿಂತಿದ್ದ ಬಣ್ಣದವನೇ? ಹಳೇ ಕಬ್ಬಿಣ ಕೊಳ್ಳಲು ಬಂದಿದ್ದವನೇ? ಇಬ್ಬರ ಮುಖವನ್ನೂ ನೆನೆದು ನೆನೆದು ಕೊನೆಗೆ ಇಬ್ಬರ ಮುಖವೂ ಕಳ್ಳರ ಮುಖದಂತೆಯೇ ಕಾಣಿಸಿತು. ಪೊಲೀಸನ ಮನೆಗೆ ಕಳ್ಳ ನುಗ್ಗಿದ ಎಂದರೆ ಪೊಲೀಸರು ಸುಮ್ಮನಿರುತ್ತಾರೆಯೇ? ಬೀಗ ಒಡೆದಿಲ್ಲ, ಕೀ ಹಾಕಿಯೇ ತೆಗೆದಿದ್ದಾರೆ ಎಂದು ಗೊತ್ತಾದರೆ ಮೊದಲು ಬರುವುದು ಯಾರ ಅಂಗಡಿಗೆ? ಅಂಗಡಿಯೊಂದೇ ಹೋಗುವುದಲ್ಲ, ಅವಳೂ ಹೋಗುತ್ತಾಳೆ. ಆ ತೊಟ್ಟಿಲಿನ ಮಗುವಿಗೆ ಏನಾದರೂ ಆದರೆ ಎಂಬ ಯೋಚನೆ ಬಂದಾಗಲಂತೂ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು.

ತಡೆಯಲಾರದೆ ಅಂಗಡಿಗೆ ಬರುವಾಗ, ಹೋಗುವಾಗ ಟ್ಯಾಂಕಿನ ಬೀದಿಯನ್ನು ಸುತ್ತಿ ಬರತೊಡಗಿದಳು. ಹಸಿರು ಗೇಟಿನ ಎದುರು ಹೆಜ್ಜೆ ನಿಧಾನ ಮಾಡಿ, ಬಾಗಿಲ ಬೀಗ ಸರಿಯಾಗಿದೆಯೇ ಎಂದು ನೋಡುವುದು. ಬೀಗ ಇದ್ದರೆ ಒಳಗೆ ಯಾರೂ ಇಲ್ಲವಲ್ಲ ಎಂಬ ಭಯ. ಬೀಗ ಇಲ್ಲದಿದ್ದರೆ ತೆಗೆದವರು ಯಾರು ಎಂಬ ಭಯ. ನಾಲ್ಕು ದಿನ ಹೀಗೆ ಸುತ್ತಿದಳು. ಕಳ್ಳರಾದರೂ ಇಷ್ಟು ಎದ್ದು ಕಾಣುವಂತೆ ಸುತ್ತುವುದಿಲ್ಲ. ಅಷ್ಟು ವ್ಯವಧಾನ ಅವಳ ತಲೆಯಲ್ಲಿ ಉಳಿದಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಪೇದೆ ಅಂಗಡಿಗೆ ಬಂದ. ಬೈಕನ್ನು ಪಂಕ್ಚರ್ ಮಾವನ ಅಂಗಡಿಯ ಮುಂದೆ ನಿಲ್ಲಿಸಿ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಮೂವತ್ತರ ಆಸುಪಾಸು, ನಿದ್ದೆಗೆಟ್ಟ ಕಣ್ಣು. ಹೆಸರು, ವಯಸ್ಸು, ಎಷ್ಟು ವರ್ಷದಿಂದ ಕೆಲಸ, ಯಾವುದಾದರೂ ಕೇಸು ಇದೆಯೇ ಎಂದು ಒಂದೊಂದೇ ಕೇಳಿ ಬರೆದುಕೊಂಡ. ಬೀಗದಕ್ಕ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಆಮೇಲೆ ಅವನು ಪೆನ್ನಿನ ಮುಚ್ಚಳ ಹಾಕಿದ.

“ಇದು ಫಾರಮ್ಮಿನಲ್ಲಿ ಇಲ್ಲ. ನಾನಾಗೇ ಕೇಳ್ತಿದ್ದೀನಿ. ನಾಲ್ಕು ದಿನದಿಂದ ನೀವು ನಮ್ಮನೆ ಮುಂದೆ ಓಡಾಡ್ತಿದ್ದೀರಂತೆ. ಬೀಗ ನೋಡ್ತೀರಂತೆ. ನನ್ನ ಹೆಂಡ್ತಿ ಹೆದರಿ ಕೂತಿದ್ದಾಳೆ. ಯಾಕಮ್ಮ?”

ಸುಳ್ಳು ಹೇಳಬಹುದಿತ್ತು. ಗೊತ್ತಿದ್ದವರ ಮನೆ ಹುಡುಕುತ್ತಿದ್ದೆ ಎನ್ನಬಹುದಿತ್ತು. ಆದರೆ ನಾಲ್ಕು ದಿನ ಉಂಡಿಲ್ಲ, ಮಲಗಿಲ್ಲ, ಸುಳ್ಳು ಕಟ್ಟಲೂ ಮೈಯಲ್ಲಿ ಶಕ್ತಿ ಬೇಕಲ್ಲ. ಎದ್ದು ಹೋಗಿ ಪರದೆ ಸರಿಸಿದಳು.

ಪೇದೆ ಹಲಗೆ ನೋಡಿದ. ಅವಳೇ ಎಲ್ಲವನ್ನೂ ಹೇಳಿದಳು. ಮಾವನ ಕಾಲದ ಪದ್ಧತಿ, ಅಂಗಡಿ ಕೀ, ಹದಿನಾಲ್ಕನೇ ಕಲಮು, ಕಾಣೆಯಾದ ಕೀ. ಹೇಳುತ್ತ ಹೇಳುತ್ತ ಅತ್ತಳು. “ಇಷ್ಟು ವರ್ಷದಲ್ಲಿ ಒಬ್ಬರ ಮನೆಯ ಒಂದು ಲೋಟ ಮುಟ್ಟಿದವಳಲ್ಲ ಸಾರ್. ನಿಮ್ಮನೆ ಕೀ ಒಂದೇ ಎಲ್ಲಿ ಹೋಯ್ತೋ ಗೊತ್ತಿಲ್ಲ. ಅದಕ್ಕೇ ಕಾವಲು ಕಾಯೋ ಹಾಗೆ ಸುತ್ತುತ್ತಿದ್ದೆ.”

“ನಮ್ಮನೆ ಕೀ,” ಎಂದ ಪೇದೆ ನಿಧಾನವಾಗಿ. ಜೇಬಿನಿಂದ ಗೊಂಚಲು ತೆಗೆದು ಒಂದನ್ನು ಬೇರೆ ಮಾಡಿ ಹಿಡಿದ. “ಇದಾ?”

ಅವಳು ಕೈಗೆ ತೆಗೆದುಕೊಂಡಳು. ಗೆರೆ ಸವೆದ ಬೆರಳಾದರೂ ಹಲ್ಲಿನ ಏರಿಳಿತ ಓದಲು ಅವಕ್ಕೆ ಕಣ್ಣು ಬೇಡ. ಒಂದು ಆಳ, ಎರಡು ಸಣ್ಣದು, ಒಂದು ಓರೆ, ಮತ್ತೆ ಆಳ. ಬೆರಳು ಅಲ್ಲೇ ನಿಂತಿತು. ಈ ಹಲ್ಲುಗಳನ್ನು ಅವಳು ದಿನಕ್ಕೆರಡು ಬಾರಿ ಹಿಡಿಯುತ್ತಿದ್ದಳು. ಸೊಂಟದಲ್ಲಿದ್ದ ತನ್ನ ಮನೆಯ ಕೀಲಿಕೈ ತೆಗೆದು ಅದರ ಬೆನ್ನಿಗೆ ಹಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ನಡುವೆ ಕೂದಲು ತೂರುವಷ್ಟೂ ಜಾಗವಿರಲಿಲ್ಲ.

ಆಗ ನೆನಪಾಯಿತು. ಅಗ್ಗದ ಬೀಗಗಳ ಕಾರ್ಖಾನೆಯವರು ಒಂದು ಪೆಟ್ಟಿಗೆಯ ಹನ್ನೆರಡು ಬೀಗಕ್ಕೂ ಹನ್ನೆರಡು ಬಗೆಯ ಹಲ್ಲು ಮಾಡುವ ಗೋಜಿಗೆ ಹೋಗುವುದಿಲ್ಲ, ಒಂದೆರಡು ಜೋಡಿ ಒಂದೇ ಆಗಿಬಿಡುತ್ತವೆ. ಹಾಗೆ ಬಂದ ಅವಳಿ ಬೀಗಗಳಲ್ಲಿ ಒಂದನ್ನು ಗಂಡ ಹಸಿರು ಗೇಟಿನ ಮನೆಗೆ ಹಾಕಿ, ಇನ್ನೊಂದನ್ನು ತಮ್ಮ ಮನೆಗೆ ತಂದಿದ್ದ. ಅವನು ಹಾಸಿಗೆ ಹಿಡಿದ ವರ್ಷ ಇವಳು ಮನೆಯ ಕೀ ಕಳೆದುಕೊಂಡು ಗೋಳಾಡಿದಾಗ, ಕಷ್ಟಪಟ್ಟು ಅಂಗಡಿಗೆ ಹೋಗಿಬಂದು, “ತಗೋ, ಹೊಸದು ಮಾಡಿದೆ” ಎಂದು ಕೈಗಿಟ್ಟಿದ್ದ. ಹೊಸ ಕೀ ಹೊಳೆಯಬೇಕು, ಅದು ಹೊಳೆದಿರಲಿಲ್ಲ. ಅರದ ಗೀಚು ನಿನ್ನೆಯದೋ ಹೋದ ವರ್ಷದ್ದೋ ಎಂದು ನೋಡಿದೊಡನೆ ಹೇಳಬಲ್ಲ ಹೆಂಗಸು, ಅಂದು ಕೀ ನೋಡಲಿಲ್ಲ, ಅವನ ಮುಖ ನೋಡುತ್ತಿದ್ದಳು. ಅವನ ಕೈಯಲ್ಲಿ ಅರ ಹಿಡಿಯುವ ತ್ರಾಣವೇ ಉಳಿದಿರಲಿಲ್ಲ. ಅದನ್ನು ಹೇಳಿಕೊಳ್ಳಲಾರದೆ ಮೊಳೆಯಿಂದ ತೆಗೆದು ಕೊಟ್ಟಿದ್ದ.

“ಕಳ್ಳ ಯಾರೂ ಇಲ್ಲ ಸಾರ್,” ಎಂದಳು. “ಕಾಣೆಯಾದ ಕೀ ಆರು ವರ್ಷದಿಂದ ನನ್ನ ಸೊಂಟದಲ್ಲೇ ಇದೆ.”

ಪೇದೆ ನಂಬಲಿಲ್ಲ. ನಂಬದಿರುವುದೇ ಅವನ ಕೆಲಸ. “ನಡೀರಿ, ನಿಮ್ಮ ಮನೆ ತೋರಿಸಿ” ಎಂದ.

ಅವಳ ಮನೆ ಎರಡು ಬೀದಿ ಆಚೆ, ಒಂದೇ ಕೋಣೆ. ದಾರಿಯುದ್ದಕ್ಕೂ ಅವಳಿಗೆ ಮನಸ್ಸು ಹಗುರವಾಗಿತ್ತು ಎಂದೇ ಹೇಳಬೇಕು. ಕೀ ಸಿಕ್ಕಿತು, ಮಗು ಕ್ಷೇಮ, ಬಣ್ಣದವನೂ ಹಳೇ ಕಬ್ಬಿಣದವನೂ ಮತ್ತೆ ಒಳ್ಳೆಯವರಾದರು. ಬಾಗಿಲ ಮುಂದೆ ನಿಂತು ಅವಳು ಬೀಗಕ್ಕೆ ಕೈ ಹಾಕಬೇಕು, ಅಷ್ಟರಲ್ಲಿ ಪೇದೆ ಬೇಡವೆಂದು ಸನ್ನೆ ಮಾಡಿ ತನ್ನ ಕೀಲಿಕೈ ತೂರಿಸಿ ತಿರುಗಿಸಿದ. ಬೀಗ ಒಂದಿಷ್ಟೂ ತಕರಾರು ಮಾಡಲಿಲ್ಲ. ಚಿಲಕ ಸರಿಯಿತು. ಬಾಗಿಲು ಒಳಕ್ಕೆ ತೆರೆದುಕೊಂಡಿತು.

ಮಡಿಸದ ಹಾಸಿಗೆ. ಹಗ್ಗದ ಮೇಲೆ ಒಣಹಾಕಿದ ಒಳಬಟ್ಟೆ. ದಿಂಬಿನ ಪಕ್ಕದಲ್ಲಿ, ಯಾರೂ ನೋಡದಿರಲೆಂದು ಇಟ್ಟುಕೊಂಡಿದ್ದ ಗಂಡನ ಅಂಗಿ. ಎಲ್ಲವೂ ಪರಕೀಯ ಗಂಡಸೊಬ್ಬನ ಕಣ್ಣೆದುರು ಬಿದ್ದಿದ್ದವು. ಅವಳ ಹೊಟ್ಟೆಯಲ್ಲಿ ತಣ್ಣಗೆ ಏನೋ ಇಳಿಯಿತು. ಎರಡು ವರ್ಷ. ಎರಡು ವರ್ಷದಿಂದ ಈ ಮನುಷ್ಯ ಅವಳ ಮನೆಯ ಕೀ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದಾನೆ. ಅವನಿಗೆ ಗೊತ್ತಿರಲಿಲ್ಲ, ನಿಜ. ಒಳ್ಳೆಯವನೇ ಇರಬಹುದು, ಅದೂ ನಿಜ. ಆದರೂ ಅವಳು ಹಗ್ಗದ ಮೇಲಿನ ಬಟ್ಟೆಯನ್ನು ಎಳೆದು ಹಾಸಿಗೆಯ ಅಡಿ ತುರುಕಿದಳು. ತಾನು ಒಬ್ಬಳೇ ಮಲಗಿದ್ದ ಅಷ್ಟೂ ರಾತ್ರಿಗಳ ಹೆದರಿಕೆ ಒಟ್ಟಿಗೇ ಬಂದು ಕೊರಳಿಗೆ ಬಿತ್ತು.

ಪೇದೆಯ ಮುಖವೂ ಬಿಳಿಚಿಕೊಂಡಿತ್ತು. ಅವನು ನೋಡುತ್ತಿದ್ದದ್ದು ಕೋಣೆಯನ್ನಲ್ಲ, ಅವಳ ಕೈಯಲ್ಲಿದ್ದ ಕೀಲಿಕೈಯನ್ನು. ರಾತ್ರಿ ಪಾಳಿಗೆ ಹೋಗುವಾಗ ಹೆಂಡತಿ ಮಗುವನ್ನು ಒಳಗಿಟ್ಟು ಬೀಗ ಹಾಕಿಕೊಂಡು ಹೋಗುವವನು ಅವನು.

ಆಗ ಬೀಗದಕ್ಕನಿಗೆ ಆ ಹಲಗೆ ಏನೆಂದು ಅರ್ಥವಾಯಿತು. ನೂರ ನಲವತ್ತೊಂದು ಮನೆಯವರು ಈ ತಣ್ಣಗಿನದನ್ನು ಅನುಭವಿಸಿಲ್ಲ, ಯಾಕೆಂದರೆ ಅವರಿಗೆ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ. ಹದಿನಾಲ್ಕನೇ ಕಲಮು ತನ್ನನ್ನು ಕಳ್ಳಿ ಎಂದು ಅಂದಿರಲೇ ಇಲ್ಲ.

“ಇದನ್ನ ನಾನು ಬರೆದ್ರೆ ನಿಮ್ಮ ಲೈಸೆನ್ಸ್ ಹೋಗುತ್ತೆ,” ಎಂದ ಪೇದೆ ಕೊನೆಗೆ. “ಬರೀದೇ ಇದ್ರೆ ನನ್ನ ಕೆಲಸ ಹೋಗುತ್ತೆ.”

“ತಿಂಗಳ ಕೊನೆಗೆ ಇನ್ನೂ ಒಂಬತ್ತು ದಿನ ಇದೆ ಸಾರ್. ಅಲ್ಲೀವರ್ಗೂ ಬರೀಬೇಡಿ. ಆಮೇಲೆ ಬಂದು ನೋಡಿ, ಕಂಡದ್ದನ್ನ ಕಂಡ ಹಾಗೆ ಬರೀರಿ. ನಾನೇನೂ ಅನ್ನಲ್ಲ.”

ಅಂದೇ ಎರಡೂ ಮನೆಯ ಬೀಗ ಬದಲಾದವು. ಅವನ ಹೊಸ ಬೀಗದ ಎರಡೂ ಕೀಗಳನ್ನು ಅವನ ಕೈಯಲ್ಲೇ ಎಣಿಸಿ ಕೊಟ್ಟಳು.

ಸಂಜೆ ನಾದಿನಿಗೆ ವಿಷಯ ಹೇಳಿದಾಗ ಅವಳು ತಲೆ ಮೇಲೆ ಕೈ ಹೊತ್ತು ಕೂತಳು. “ಉಜ್ಜಿ ಹಾಕಿ ಅತ್ತಿಗೆ, ಮುಗೀತು. ಮನೆ ಮನೆಗೆ ಹೋಗಿ ಕೊಡ್ತೀನಿ ಅಂದ್ರೆ ಹುಚ್ಚಾ ನಿಮಗೆ? ಒಬ್ಬರು ದೂರು ಕೊಟ್ರೂ ಸಾಕು.”

“ಉಜ್ಜಿದ್ರೆ ನನಗೆ ಮುಗಿಯುತ್ತೆ. ಅವ್ರ ಬೀಗಕ್ಕೆ ಹೊರಗೆ ಇನ್ನೊಂದು ಕೀ ಇತ್ತು ಅಂತ ಅವ್ರಿಗೆ ಗೊತ್ತಾಗೋದು ಬೇಡ್ವಾ? ನನ್ನ ಬಾಗಿಲು ತೆರೆದಾಗ ನನಗೆ ಹೇಗಾಯ್ತು ಅಂತ ನೀನು ನೋಡಿಲ್ಲ.”

ಮರುದಿನದಿಂದ ಬೀಗದಕ್ಕ ಒಂದೊಂದು ಸಾಲನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಪ್ರತಿ ಬಾಗಿಲು ತಟ್ಟುವ ಮೊದಲೂ ಚೀಲದೊಳಗೆ ಕೈಹಾಕಿ ಆ ಮನೆಯ ಕೀಯನ್ನು ಬೆರಳಿನಿಂದಲೇ ಆರಿಸುತ್ತಿದ್ದಳು. ಮೊದಲ ಮನೆಯ ಮುದುಕ ಕೀ ನೋಡಿ ನಕ್ಕು, “ನಿಮ್ಮ ಮಾವನ ಅಂಗಡಿ ಕೀ ಅಲ್ವೇನಮ್ಮ, ಇನ್ನೂ ಇಟ್ಟಿದ್ದೀಯಾ” ಎಂದ. ಅವಳಿಗೆ ಕಾಲಿಗೆ ಬೀಳೋಣ ಎನ್ನಿಸಿತು. ಎರಡನೇ ಮನೆಯ ಹೆಂಗಸು ನಗಲಿಲ್ಲ. ಕೀ ತೆಗೆದುಕೊಂಡಳು, ತನ್ನ ಬೀಗಕ್ಕೆ ಹಾಕಿ ತಿರುಗಿಸಿ ನೋಡಿದಳು, ಆಮೇಲೆ ಬೀಗದಕ್ಕನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಏನು ಇಳಿಯುತ್ತಿದೆ ಎಂದು ಬೀಗದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲು ಮುಚ್ಚಿತು. ಒಳಗಿನಿಂದ ಮೇಲಿನ ಚಿಲಕ, ಕೆಳಗಿನ ಚಿಲಕ, ಎರಡೂ ಬಿದ್ದ ಸದ್ದು ಕೇಳಿಸಿತು.

ಇನ್ನೊಂದು ಮನೆಯವನು ಕೇಳಿದ, “ಹಾಗಾದ್ರೆ ಅವತ್ತು ನಮ್ಮ ಬೀಗ ಕಣ್ಣು ಮಿಟುಕಿಸೋದ್ರಲ್ಲಿ ತೆಗೆದ್ರಲ್ಲ, ಅದು?”

“ಇದರಲ್ಲೇ ತೆಗೆದದ್ದು,” ಎಂದಳು. ಮೂವತ್ತು ವರ್ಷದ ಹೆಸರು ಆ ಹೊಸ್ತಿಲ ಮೇಲೆ ಮಣ್ಣುಪಾಲಾಯಿತು.

ಬೈದವರಿದ್ದರು, ಅತ್ತವರಿದ್ದರು, ನೀರು ಕೊಟ್ಟು ಕೂರಿಸಿದವರೂ ಇದ್ದರು. ಇಬ್ಬರು ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟರು. ಬಹಳ ಮಂದಿ ಬೀಗ ಬದಲಾಯಿಸಿದರು, ಅದರಲ್ಲೂ ಬಹುಪಾಲು ಬೇರೆ ಅಂಗಡಿಯಿಂದ. ಕೆಲವರು ಮಾತ್ರ ಗೊಣಗುತ್ತಲೇ ಅವಳ ಬಳಿಗೇ ಬಂದು, ಕೆಲಸ ಮುಗಿಯುವವರೆಗೆ ಪಕ್ಕದಲ್ಲಿ ನಿಂತು ಅವಳ ಕೈಯನ್ನೇ ನೋಡಿದರು. ಪಂಕ್ಚರ್ ಮಾವ ಎರಡು ದಿನ ಮಾತು ಬಿಟ್ಟ, ಮೂರನೇ ದಿನ ತನ್ನ ಅಂಗಡಿಯ ಬೀಗ ತಂದು ಮೇಜಿನ ಮೇಲಿಟ್ಟು, “ಬದಲಾಯಿಸು. ನಾನು ಇಲ್ಲೇ ಕೂತಿರ್ತೀನಿ” ಎಂದ.

ತಿಂಗಳ ಕೊನೆಯ ದಿನ ಪೇದೆ ಬಂದ. ಪರದೆ ತೆಗೆದು ಹಾಕಿಯಾಗಿತ್ತು. ಹಲಗೆಯಲ್ಲಿ ನೂರ ನಲವತ್ತೆರಡು ಮೊಳೆ, ಒಂದರಲ್ಲೂ ಏನೂ ಇಲ್ಲ. ಬೀಗದಕ್ಕ ಅವನೆದುರೇ ಹದಿನಾಲ್ಕನೇ ಕಲಮಿನ ಕೆಳಗೆ ಸಹಿ ಹಾಕಿದಳು. ಅವನು ಬಹಳ ಹೊತ್ತು ಬರೆದ. ಬರೆದು ಮುಗಿಸಿ ಫೈಲು ಕಂಕುಳಲ್ಲಿಟ್ಟುಕೊಂಡು ಹೋದ. ಅವನು ಎಲ್ಲವನ್ನೂ ಬರೆದಿದ್ದ, ದೂರುಗಳನ್ನೂ ಬಿಟ್ಟಿರಲಿಲ್ಲ. ಅವಳನ್ನು ಕಚೇರಿಗೆ ಎರಡು ಬಾರಿ ಕರೆಸಿ ಕೇಳಿದರು. ಅಷ್ಟು ದಿನ ಅಂಗಡಿಗೆ ಸೀಲು ಬಿದ್ದಿತ್ತು. ಹತ್ತು ವಾರದ ಮೇಲೆ ಒಂದೇ ವರ್ಷದ ಲೈಸೆನ್ಸ್ ಬಂತು, ಆರು ತಿಂಗಳಿಗೊಮ್ಮೆ ಅಂಗಡಿ ತಪಾಸಣೆಯ ಷರತ್ತು ಹಾಕಿ. ಅದನ್ನು ನಾದಿನಿ ಚೌಕಟ್ಟು ಹಾಕಿಸಿ ತಂದು ಮೂರನೇ ಸಾಲಿನ ನಾಲ್ಕನೇ ಮೊಳೆಗೆ ತೂಗುಹಾಕಿದಳು.

ಈಗ ಯಾರಾದರೂ ಬೀಗ ತೆಗೆಯಲು ಕರೆದರೆ ಬೀಗದಕ್ಕ ನಿಜಕ್ಕೂ ತಂತಿಯಲ್ಲೇ ತೆಗೆಯಬೇಕು, ಒಂದೊಂದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಜನ ಗಡಿಯಾರ ನೋಡುತ್ತಾರೆ. ಕೆಲಸ ಮುಗಿಸಿ ಮನೆಗೆ ಬಂದರೆ ಬೀಗ ಹೊಸದು, ಎರಡೇ ಕೀ, ಎರಡೂ ಅವಳ ಬಳಿಯೇ ಇವೆ. ಆದರೂ ಬಾಗಿಲು ತಳ್ಳಿದ ಮೇಲೆ ಅವಳು ಕೂಡಲೇ ಒಳಗೆ ಕಾಲಿಡುವುದಿಲ್ಲ. ಹೊಸ್ತಿಲಲ್ಲೇ ನಿಂತು ಹಾಸಿಗೆ ನೋಡುತ್ತಾಳೆ, ಹಗ್ಗ ನೋಡುತ್ತಾಳೆ, ದಿಂಬಿನ ಪಕ್ಕದ ಅಂಗಿ ಇಟ್ಟಲ್ಲೇ ಇದೆಯೇ ಎಂದು ನೋಡುತ್ತಾಳೆ. ಇದೇ ಹೊತ್ತಿನಲ್ಲಿ ನೂರ ನಲವತ್ತೊಂದು ಹೊಸ್ತಿಲ ಮೇಲೂ ಯಾರೋ ಹೀಗೇ ನಿಂತಿರುತ್ತಾರೆ ಎಂದು ಅವಳಿಗೆ ಗೊತ್ತು. ಆಮೇಲೆ ಒಳಗೆ ಹೋಗಿ ಎರಡೂ ಚಿಲಕ ಹಾಕಿಕೊಳ್ಳುತ್ತಾಳೆ.